ದೀಪದ ಬೆಳಕಿನಲ್ಲಿ ಮಿರರ್‌ಲೆಸ್ ಕ್ಯಾಮೆರಾ ತಡಕಾಡುತ್ತಿದೆ: ತಪ್ಪು ನನ್ನದೋ, ಅದರದೋ?

ಉಣಕಲ್ ದಂಡೆ (ಹುಬ್ಬಳ್ಳಿ)

ಹತ್ತು ವರ್ಷ ಡಿಎಸ್ಎಲ್ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಹಿಡಿದ ಕೈ ನನ್ನದು. ಈ ವರ್ಷವೇ ಮಿರರ್‌ಲೆಸ್ ಕ್ಯಾಮೆರಾ ಕೊಂಡಿದ್ದೇನೆ; ಇದರಲ್ಲಿ ಕನ್ನಡಿ ಇಲ್ಲ, ಸೆನ್ಸರ್ ಕಂಡದ್ದನ್ನೇ ವ್ಯೂಫೈಂಡರ್‌ನ ಪುಟ್ಟ ಪರದೆ ತೋರಿಸುತ್ತದೆ. ಹಗಲಿನಲ್ಲಿ ಅದರ ಬಗ್ಗೆ ತಕರಾರು ಎತ್ತುವಂತೆಯೇ ಇಲ್ಲ. ಆದರೆ ಕಾರ್ತಿಕ ಅಮಾವಾಸ್ಯೆಯಂದು ಸಿದ್ಧಾರೂಢ ಮಠದ ಲಕ್ಷದೀಪೋತ್ಸವಕ್ಕೆ ಹೋದಾಗ ಅದು ನನ್ನನ್ನು ಪೂರ್ತಿ ಸೋಲಿಸಿತು.

ವಿದ್ಯುದ್ದೀಪಗಳ ಝಗಮಗದಿಂದ ದೂರ ಒಂದು ಮೂಲೆಯಲ್ಲಿ ಅಜ್ಜಿಯೊಬ್ಬರು ಪಣತಿಗಳಿಗೆ ಎಣ್ಣೆ ಹಾಕುತ್ತ ಕುಳಿತಿದ್ದರು. ಮುಖದ ಒಂದು ಕಡೆಗೆ ಮಾತ್ರ ದೀಪದ ಬೆಳಕು, ಉಳಿದದ್ದೆಲ್ಲ ಕತ್ತಲು. ನಾನು ಬಟನ್ ಅರ್ಧ ಒತ್ತಿ ಹಿಡಿದೆ. ಲೆನ್ಸ್ ಒಮ್ಮೆ ಮುಂದೆ ಹೋಯಿತು, ಒಮ್ಮೆ ಹಿಂದೆ ಬಂತು, ಮತ್ತೆ ಮುಂದೆ ಹೋಯಿತು. ಫೋಕಸ್ ಚೌಕ ಹಸಿರಾಗುವಷ್ಟರಲ್ಲಿ ಅಜ್ಜಿ ಎಣ್ಣೆಯ ತಂಬಿಗೆ ಎತ್ತಿಕೊಂಡು ಎದ್ದು ಹೋಗಿದ್ದರು.

ವ್ಯೂಫೈಂಡರ್‌ನಲ್ಲಿ ಚಿತ್ರ ಕಾಳು ಕಾಳಾಗಿ, ಮಬ್ಬಾಗಿ ಕಾಣುತ್ತಿತ್ತು. ಹಾಗಾಗಿ ಮೆನುವಿಗೆ ಹೋಗಿ ಅದರ ಬೆಳಕನ್ನು ಕೊನೆಯವರೆಗೂ ಏರಿಸಿದೆ. ಆಗ ಚೌಕಟ್ಟು ಕಟ್ಟುವುದು ಸ್ವಲ್ಪ ಸುಲಭವಾಯಿತು, ತೆಗೆದ ಚಿತ್ರಗಳೂ ಅಲ್ಲಿಯೇ ನೋಡಿದಾಗ ಚೆನ್ನಾಗಿದ್ದವು. ಮನೆಗೆ ಬಂದು ಕಂಪ್ಯೂಟರ್‌ಗೆ ಹಾಕಿದರೆ ದೀಪದ ಕುಡಿಗಳ ಹೊರತು ಎಲ್ಲವೂ ಕಪ್ಪು.

ಎಪಿಎಸ್-ಸಿ (ಮಧ್ಯಮ ಅಳತೆಯ) ಸೆನ್ಸರ್, ಜೊತೆಗೆ ಬಂದ 18-55 ಜೂಮ್ ಲೆನ್ಸ್ 55ರಲ್ಲಿ, ಲೆನ್ಸಿನ ಬಾಯಿ ಎಫ್/5.6 (ಈ ಅಂಕಿ ಚಿಕ್ಕದಾದಷ್ಟೂ ಬೆಳಕು ಹೆಚ್ಚು), ಶಟರ್ 1/125 ಸೆಕೆಂಡು, ಐಎಸ್ಒ (ಚಿತ್ರದ ಬೆಳಕನ್ನು ವರ್ಧಿಸುವ ಅಂಕೆ) 3200, ಮ್ಯಾನುಯಲ್ ಮೋಡ್. ನನ್ನ ಹಳೆಯ ಕ್ಯಾಮೆರಾ ಇಷ್ಟು ಸತಾಯಿಸುತ್ತಿರಲಿಲ್ಲ ಎಂದು ಅನ್ನಿಸುತ್ತಿದೆ. ತಿಳಿದವರು ಹೇಳಬೇಕು.

ಲಗ್ನದ ಲೆನ್ಸು (ಗದಗ)

50 ಎಂ.ಎಂ. ಎಫ್/1.8 ಲೆನ್ಸ್ ಕೊಳ್ಳಿರಿ. ಚರ್ಚೆ ಇಲ್ಲಿಗೇ ಮುಗಿಯಿತು.

ಒಂದೇ ಮಾತು (ರಾಣೆಬೆನ್ನೂರು)

ಐಎಸ್ಒ 12800ಕ್ಕೆ ಏರಿಸಿ, ಫೋಕಸ್ ತಾನಾಗಿ ಬರುತ್ತದೆ.

ಸಾಧನಕೇರಿ ನೆರಳು (ಧಾರವಾಡ)

ಎರಡನೆಯ ಸಲಹೆಯನ್ನು ನಾನು ಒಪ್ಪಲಾರೆ. ಐಎಸ್ಒ ಏರಿಸಿದ ಮಾತ್ರಕ್ಕೆ ಲೆನ್ಸಿನ ಮೂಲಕ ಒಂದು ಹನಿ ಹೆಚ್ಚು ಬೆಳಕೂ ಒಳಗೆ ಬರುವುದಿಲ್ಲ. ಫೋಕಸ್ ಹುಡುಕುವಾಗ ಕ್ಯಾಮೆರಾ ಸೆನ್ಸರ್‌ನ ನೇರ ನೋಟವನ್ನು ತನಗೆ ಬೇಕಾದಷ್ಟು ತಾನೇ ವರ್ಧಿಸಿಕೊಳ್ಳುತ್ತದೆ. ನೀವು ಚಿತ್ರಕ್ಕೆಂದು ಇಟ್ಟ ಸಂಖ್ಯೆ ಅದಕ್ಕೆ ಅಷ್ಟು ಮುಖ್ಯವಲ್ಲ. ಆ ಅಂಕೆ ಚಿತ್ರದ ಬೆಳಕಿಗೆ ಬೇಕು, ಫೋಕಸ್ಸಿಗಲ್ಲ.

ಉಣಕಲ್ ದಂಡೆಯವರೇ, ನಿಮ್ಮ ಚಿತ್ರ ಕಪ್ಪಾಗಿ ಬಂದದ್ದಕ್ಕೆ ಉತ್ತರ ನೀವು ಕೊಟ್ಟ ಅಂಕಿಗಳಲ್ಲಿಯೇ ಇದೆ. 1/125, ಎಫ್/5.6, ಐಎಸ್ಒ 3200 ಎಂದರೆ ಸುಮಾರು 7 ಇವಿ ಬೆಳಕಿಗೆ ಸರಿಹೊಂದುವ ಲೆಕ್ಕ. (ಇವಿ ಎಂದರೆ ಬೆಳಕಿನ ಅಳತೆ; ಒಂದು ಇವಿ, ಅಂದರೆ ಒಂದು ಸ್ಟಾಪ್, ಏರಿದರೆ ಬೆಳಕು ಎರಡು ಪಟ್ಟು.) ಹತ್ತಿರದ ದೀಪದಿಂದ ಬೆಳಗಿದ ಮುಖ ಸಾಮಾನ್ಯವಾಗಿ 4 ಇವಿ ಆಸುಪಾಸಿನಲ್ಲಿ ಇರುತ್ತದೆ. ಮೂರು ಸ್ಟಾಪ್ ಕಡಿಮೆ, ಎಂದರೆ ಬೇಕಾದ ಬೆಳಕಿನ ಎಂಟನೇ ಒಂದು ಭಾಗ. ನಿಮ್ಮ ವ್ಯೂಫೈಂಡರ್ ಮಬ್ಬಾಗಿ ಕಂಡು ಅದನ್ನೇ ಹೇಳುತ್ತಿತ್ತು. ನೀವು ಅದರ ಬೆಳಕು ಏರಿಸಿ ಅದರ ಬಾಯಿ ಮುಚ್ಚಿಸಿದಿರಿ.

ಕತ್ತಲಿಗೆ ಒಗ್ಗಿದ ಕಣ್ಣಿಗೆ ಎಷ್ಟು ಮಂಕಾದ ಪರದೆಯೂ ಪ್ರಕಾಶಮಾನವಾಗಿಯೇ ತೋರುತ್ತದೆ. ರಾತ್ರಿ ತೆಗೆದ ಚಿತ್ರವನ್ನು ಅಲ್ಲಿಯೇ ಕಣ್ಣಿನಿಂದ ಅಳೆಯಬೇಡಿ, ಹಿಸ್ಟೋಗ್ರಾಂ (ಚಿತ್ರದಲ್ಲಿ ಕಪ್ಪೆಷ್ಟು, ಬಿಳಿಯೆಷ್ಟು ಎಂದು ತೋರಿಸುವ ನಕ್ಷೆ) ನೋಡಿ.

ಉಣಕಲ್ ದಂಡೆ

ಮೂರು ಸ್ಟಾಪ್! ಮೀಟರಿನ ಮುಳ್ಳು ಸರಿಯಾಗಿಯೇ ಇತ್ತಲ್ಲ?

ಸಾಧನಕೇರಿ ನೆರಳು

ಚೌಕಟ್ಟಿನಲ್ಲಿ ಹತ್ತಾರು ದೀಪದ ಕುಡಿಗಳಿದ್ದರೆ ಮೀಟರ್ ಅವುಗಳನ್ನು ಕಂಡು ಸಾಕಷ್ಟು ಬೆಳಕಿದೆ ಎಂದು ತಿಳಿಯುತ್ತದೆ. ಅದಕ್ಕೆ ಅಜ್ಜಿಯ ಮುಖ ಯಾವುದು, ಪಣತಿ ಯಾವುದು ಎಂಬ ವಿವೇಕ ಇರುವುದಿಲ್ಲ. ಸ್ಪಾಟ್ ಮೀಟರಿಂಗ್ (ಒಂದು ಚಿಕ್ಕ ಜಾಗದ ಬೆಳಕನ್ನಷ್ಟೇ ಅಳೆಯುವ ವಿಧಾನ) ಇಟ್ಟು ಕೆನ್ನೆಯ ಬೆಳಗಿದ ಭಾಗವನ್ನು ಅಳೆಯಿರಿ.

ಹಳೆಯ ರೋಲು (ಧಾರವಾಡ)

ತಮ್ಮಾ, ಹಳೆಯ ಕ್ಯಾಮೆರಾ ಸತಾಯಿಸುತ್ತಿರಲಿಲ್ಲ ಎಂಬುದು ಮರೆವಿನ ಉಪಕಾರ. ಎಫ್/5.6 ಲೆನ್ಸ್ ಹಾಕಿದರೆ ಡಿಎಸ್ಎಲ್ಆರ್‌ನ ಗಾಜಿನ ವ್ಯೂಫೈಂಡರ್ ಕೂಡ ಬಾವಿಯೊಳಗೆ ಇಣುಕಿದಂತೆ ಇರುತ್ತಿತ್ತು. ಅದಕ್ಕೂ ಹಿಂದೆ ನಾವು ರೋಲ್ ಹಾಕಿ ತೆಗೆಯುವಾಗ, ಫೋಕಸ್ ಗಾಜಿನ ನಡುವೆ ಎರಡು ಹೋಳಾಗಿ ಕಾಣುವ ವೃತ್ತವಿರುತ್ತಿತ್ತು. ಆ ಎರಡು ಹೋಳು ಕೂಡಿದರೆ ಫೋಕಸ್ ಸರಿ ಎಂದು ಲೆಕ್ಕ. ಎಫ್/5.6 ಲೆನ್ಸಿಗೆ ಆ ವೃತ್ತದ ಒಂದು ಹೋಳು ಹಗಲಿನಲ್ಲಿಯೇ ಕಪ್ಪಾಗುತ್ತಿತ್ತು.

ಹಾಗಿದ್ದರೂ ದೊಡ್ಡಾಟದ ಚಿತ್ರ ತೆಗೆದಿದ್ದೇವೆ. ಕುಂದಗೋಳದ ಕಡೆಯ ಒಂದು ಊರಿನಲ್ಲಿ ಗ್ಯಾಸ್ ಬತ್ತಿಯ ಬೆಳಕಿನಲ್ಲಿ ಆಟ ನಡೆದಿತ್ತು. ನಾನು ಲೆನ್ಸಿನ ಮೇಲೆ ಕೆತ್ತಿದ ಅಂಕಿ ನೋಡಿ 3 ಮೀಟರಿಗೆ ಇಟ್ಟು, ಪಾತ್ರಧಾರಿಯಿಂದ ಮೂರು ಮೀಟರ್ ಹಿಡಿದು ನಿಂತುಬಿಟ್ಟೆ. ಅವನು ಹೆಜ್ಜೆ ಹಾಕುತ್ತ ಆ ಗೆರೆಗೆ ಬಂದಾಗ ಮಾತ್ರ ಒತ್ತುವುದು. ಬೆಳಗಿನ ಜಾವದವರೆಗೆ 36 ಚಿತ್ರಗಳು, ಅದರಲ್ಲಿ ಹತ್ತೋ ಹನ್ನೊಂದೋ ಚೂಪಾಗಿ ಬಂದವು. ನಿಮ್ಮ ಯಂತ್ರ ಮಾಡಲಾರದ್ದನ್ನು ಕಾಲು ಮಾಡುತ್ತದೆ.

ಲಗ್ನದ ಲೆನ್ಸು

ಕಾಕಾ, ಇಂದಿನ ಲಗ್ನದಲ್ಲಿ 36 ಚಿತ್ರದಲ್ಲಿ ಹತ್ತು ಚೂಪಾಗಿವೆ ಎಂದರೆ ಬೀಗರು ನನ್ನನ್ನು ಮಂಟಪದ ಹಿಂದೆ ಕರೆದೊಯ್ದು ವಿಚಾರಿಸುತ್ತಾರೆ. ಅಕ್ಕಿಕಾಳು ಬೀಳುವುದು ಒಂದೇ ಸಲ.

ನನ್ನ ಮಾತನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಫ್/5.6ಕ್ಕಿಂತ ಎಫ್/1.8 ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಆ ಹತ್ತು ಪಟ್ಟು ಚಿತ್ರಕ್ಕೂ ಸಿಗುತ್ತದೆ, ಫೋಕಸ್ಸಿಗೂ ಸಿಗುತ್ತದೆ, ವ್ಯೂಫೈಂಡರಿಗೂ ಸಿಗುತ್ತದೆ. ಸಾಧನಕೇರಿಯವರು ಹೇಳಿದ ಮೂರು ಸ್ಟಾಪ್ ಕೊರತೆಯೂ ಅಷ್ಟರಲ್ಲೇ ತುಂಬಿತು. ಮೆನುವಿನಲ್ಲಿ ಎಷ್ಟು ತಿರುಗಾಡಿದರೂ ಇದನ್ನು ಕೊಡುವ ಗುಂಡಿ ಸಿಗುವುದಿಲ್ಲ.

ಇನ್ನೊಂದು ಮಾತು. ಕಂಪನಿಗಳು ಕತ್ತಲಲ್ಲಿಯೂ ಫೋಕಸ್ ಆಗುತ್ತದೆ ಎಂದು ಅಂಕಿ ಕೊಡುತ್ತವೆ. ಅದರ ಕೆಳಗಿನ ಸಣ್ಣ ಅಕ್ಷರ ಓದಬೇಕು. ಕ್ಯಾನನ್ ಆರ್6ಕ್ಕೆ −6.5 ಇವಿ ಎಂದು ಬರೆದಿದೆ, ಆದರೆ ಅದು ಎಫ್/1.2 ಲೆನ್ಸ್ ಹಾಕಿ ಅಳೆದದ್ದು. ಎಫ್/5.6 ಲೆನ್ಸಿಗೆ ಅದರಲ್ಲಿ ನಾಲ್ಕು ಸ್ಟಾಪಿಗೂ ಹೆಚ್ಚು ಕಳೆದುಕೊಳ್ಳಿರಿ.

ಬಂಕಾಪುರ ನವಿಲು (ಹಾವೇರಿ)

ಎಫ್/1.8ರ ಇನ್ನೊಂದು ಮುಖವನ್ನೂ ಹೇಳಬೇಕಲ್ಲ. ಎಪಿಎಸ್-ಸಿ ಕ್ಯಾಮೆರಾದಲ್ಲಿ 50 ಎಂ.ಎಂ. ಲೆನ್ಸಿಟ್ಟು ಎರಡು ಮೀಟರ್ ದೂರದಲ್ಲಿ ಕುಳಿತವರನ್ನು ತೆಗೆದರೆ, ಚೂಪಾಗಿ ಬರುವ ಆಳ ಹನ್ನೆರಡು ಸೆಂಟಿಮೀಟರ್ ಕೂಡ ಇರುವುದಿಲ್ಲ. ಅಜ್ಜಿಯ ಕಣ್ಣು ಚೂಪಾದರೆ ಎಣ್ಣೆ ಸುರಿಯುವ ಕೈ ಮಸುಕಾಗುತ್ತದೆ. ನಡುವಿನ ಚೌಕದಲ್ಲಿ ಫೋಕಸ್ ಹಿಡಿದು, ಆಮೇಲೆ ಕ್ಯಾಮೆರಾ ಓರೆ ಮಾಡಿ ಚೌಕಟ್ಟು ಸರಿಪಡಿಸುವ ಹಳೆಯ ಅಭ್ಯಾಸ ಇಲ್ಲಿ ಕೈಕೊಡುತ್ತದೆ, ಏಕೆಂದರೆ ಆ ಓರೆಯಲ್ಲಿಯೇ ನಾಲ್ಕೈದು ಸೆಂಟಿಮೀಟರ್ ಹೋಗಿರುತ್ತದೆ. ಮೊದಲು ಚೌಕಟ್ಟು ಕಟ್ಟಿ, ನಂತರ ಫೋಕಸ್ ಚೌಕವನ್ನು ಮುಖದವರೆಗೆ ಸರಿಸುವುದು ಒಳ್ಳೆಯದು. ಮಿರರ್‌ಲೆಸ್‌ನಲ್ಲಿ ಚೌಕ ಅಂಚಿನವರೆಗೂ ಹೋಗುತ್ತದೆ ಎಂಬುದೇ ಅದರ ದೊಡ್ಡ ಅನುಕೂಲ. ಅದನ್ನು ಬಳಸದೆ ಬೈಯುವುದು ನ್ಯಾಯವಲ್ಲ.

ದುಡ್ಡು ಖರ್ಚು ಮಾಡದೆ ಆಗಬೇಕಾದರೆ ಜೂಮನ್ನು 18ಕ್ಕೆ ತಂದು ನಾಲ್ಕು ಹೆಜ್ಜೆ ಹತ್ತಿರ ಹೋಗಿರಿ. ಅದೇ ಲೆನ್ಸ್ ಅಲ್ಲಿ ಎಫ್/3.5 ಆಗುತ್ತದೆ, ಬೆಳಕು ಎರಡೂವರೆ ಪಟ್ಟು.

ಲಕ್ಕುಂಡಿ ಕಂಬ (ಗದಗ)

ಎಲ್ಲರೂ ಬೆಳಕಿನ ಮೊತ್ತದ ಬಗ್ಗೆಯೇ ಮಾತಾಡುತ್ತಿದ್ದೀರಿ. ನನ್ನ ಅನುಭವದಲ್ಲಿ ಕ್ಯಾಮೆರಾ ಕತ್ತಲಲ್ಲಿ ಸೋಲುವುದು ಬೆಳಕಿಲ್ಲದೆ ಎನ್ನುವುದಕ್ಕಿಂತ ಅಂಚು ಸಿಗದೆ. ಇದನ್ನು ನಾನು ಕಲಿತದ್ದು ಗುಡಿಗಳ ಒಳಗೆ.

ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯ ಕಡೆದ ಕಂಬಗಳನ್ನು ನೋಡಿದವರಿಗೆ ಗೊತ್ತು. ಚರಕಿಯ ಮೇಲೆ ತಿರುಗಿಸಿ ಕಡೆದಂತೆ ಒಂದರ ಮೇಲೊಂದು ಬಳೆಗಳು, ಕಪ್ಪು ಕಲ್ಲು, ಕನ್ನಡಿಯಂಥ ನುಣುಪು. ಹೊರಗಿನ ಬೆಳಕು ಬಾಗಿಲಿನಿಂದ ಬಂದು ಆ ಬಳೆಗಳ ಮೇಲೆ ಮಾತ್ರ ಮಿನುಗುತ್ತದೆ. ನಾನು ಫೋಕಸ್ ಚೌಕವನ್ನು ಆ ಮಿನುಗುವ ಬಳೆಗಳ ಮೇಲೆಯೇ ಇಡುತ್ತಿದ್ದೆ, ಕ್ಯಾಮೆರಾ ತಡಕಾಡುತ್ತಲೇ ಇರುತ್ತಿತ್ತು. ಕಣ್ಣಿಗೆ ಇಷ್ಟು ಸ್ಪಷ್ಟವಾಗಿ ಕಾಣುವ ಗೆರೆ ಅದಕ್ಕೇಕೆ ಕಾಣುತ್ತಿಲ್ಲ ಎಂದು ಎರಡು ಭಾನುವಾರ ತಲೆ ಕೆಡಿಸಿಕೊಂಡೆ.

ಕಾರಣ ಸರಳವಾಗಿತ್ತು. ಹೆಚ್ಚಿನ ಮಿರರ್‌ಲೆಸ್ ಕ್ಯಾಮೆರಾಗಳ ಸೆನ್ಸರ್ ಮೇಲಿರುವ ಫೇಸ್ ಡಿಟೆಕ್ಷನ್ ಚುಕ್ಕೆಗಳು ಒಂದೇ ದಿಕ್ಕಿನಲ್ಲಿ ಹೋಲಿಸುತ್ತವೆ. ಎಡದಿಂದ ಬಂದ ಬೆಳಕಿಗೂ ಬಲದಿಂದ ಬಂದ ಬೆಳಕಿಗೂ ಇರುವ ವ್ಯತ್ಯಾಸವನ್ನು ಅಳೆಯುತ್ತವೆ. ಆದ್ದರಿಂದ ನಿಂತ ಗೆರೆ ಅವುಗಳಿಗೆ ಕಾಣುತ್ತದೆ, ಅಡ್ಡ ಗೆರೆ ಕಾಣುವುದಿಲ್ಲ. ಕಂಬದ ಬಳೆಗಳೆಲ್ಲ ಅಡ್ಡ ಗೆರೆಗಳು! ಹಗಲಿನಲ್ಲಿ ಹೇಗೋ ಸುತ್ತಲಿನ ಸಣ್ಣ ವಿವರಗಳನ್ನು ಹಿಡಿದು ನಿಭಾಯಿಸುತ್ತದೆ, ಕತ್ತಲಲ್ಲಿ ಆ ಆಸರೆ ಇಲ್ಲ. ಡಿಎಸ್ಎಲ್ಆರ್‌ಗಳ ನಡುವಿನ ಬಿಂದು ಎರಡೂ ದಿಕ್ಕು ನೋಡುವಂತಹದ್ದಾಗಿರುತ್ತಿತ್ತು, ಹಾಗಾಗಿ ಉಣಕಲ್ ದಂಡೆಯವರ ನೆನಪು ಪೂರ್ತಿ ಸುಳ್ಳೂ ಅಲ್ಲ.

ಉಪಾಯ ಎರಡು. ಕ್ಯಾಮೆರಾವನ್ನು ನೆಟ್ಟಗೆ ತಿರುಗಿಸಿ ಫೋಕಸ್ ಹಿಡಿದು, ಬಟನ್ ಬಿಡದೆ ಮರಳಿ ಅಡ್ಡ ಮಾಡುವುದು. ಅಥವಾ ಬಳೆಯನ್ನು ಬಿಟ್ಟು ಕಂಬದ ಪಕ್ಕದ ನಿಲುವು ಅಂಚಿಗೆ ಚೌಕವನ್ನು ಸರಿಸುವುದು. ಟ್ರೈಪಾಡ್ ಒಯ್ಯಲು ಪುರಾತತ್ವ ಇಲಾಖೆಯ ಅನುಮತಿ ಬೇಕು, ಹಾಗಾಗಿ ನಾನು ಕೈಯಲ್ಲಿ ಹಿಡಿದೇ ಈ ಕಸರತ್ತು ಮಾಡುತ್ತೇನೆ.

ಅಜ್ಜಿಯ ವಿಷಯಕ್ಕೆ ಬಂದರೆ, ಬಹುಶಃ ನೀವು ಚೌಕವನ್ನು ಕೆನ್ನೆಯ ನಡುವೆಯೋ ದೀಪದ ಕುಡಿಯ ಮೇಲೆಯೋ ಇಟ್ಟಿರಬೇಕು. ಕೆನ್ನೆಯಲ್ಲಿ ಗೆರೆಯೇ ಇಲ್ಲ. ಕುಡಿಯಂತೂ ಬರೀ ಬಿಳಿ ಮುದ್ದೆ, ಅದೂ ಅಲುಗಾಡುತ್ತದೆ. ಬೆಳಕು ಮುಗಿದು ನೆರಳು ಆರಂಭವಾಗುವ ಮೂಗಿನ ಗೆರೆಯ ಮೇಲೆ, ಸೆರಗಿನ ದಡಿಯ ಮೇಲೆ, ಇಲ್ಲವೇ ಕೆನ್ನೆಯ ಪಕ್ಕ ತೂಗುವ ಬೆಂಡೋಲೆಯ ಮೇಲೆ ಇಟ್ಟು ನೋಡಿ.

ಉಣಕಲ್ ದಂಡೆ

ಕುಡಿಯ ಮೇಲೆಯೇ ಇಟ್ಟಿದ್ದೆ. ಹೆಚ್ಚು ಬೆಳಕು ಇರುವ ಜಾಗ ಅದೊಂದೇ ಎಂದು ತಿಳಿದಿದ್ದೆ.

ಒಂದೇ ಮಾತು

ಕ್ಯಾಮೆರಾದ ಮುಂದೆ ಇರುವ ಸಣ್ಣ ದೀಪವನ್ನು ಆನ್ ಮಾಡಿದರೆ ಇಷ್ಟೆಲ್ಲ ವಿಚಾರ ಬೇಕಾಗಿಲ್ಲ.

ಬಂಕಾಪುರ ನವಿಲು

ಆ ಫೋಕಸ್ ಸಹಾಯಕ ದೀಪ ಕೆಲವೇ ಮೀಟರ್ ದೂರಕ್ಕೆ ತಲುಪುತ್ತದೆ, ದೊಡ್ಡ ಲೆನ್ಸ್ ಅಥವಾ ಹುಡ್ ಹಾಕಿದರೆ ಅದರ ನೆರಳೇ ಅಡ್ಡ ಬರುತ್ತದೆ. ಒಮ್ಮೆ ಹಿಡಿದು ನಿಲ್ಲುವ ಸಿಂಗಲ್ ಫೋಕಸ್‌ನಲ್ಲಿ ಮಾತ್ರ ಉರಿಯುತ್ತದೆ, ಬಿಡದೆ ಹಿಂಬಾಲಿಸುವ ಕಂಟಿನ್ಯೂಯಸ್ ಇಟ್ಟರೆ ಉರಿಯುವುದಿಲ್ಲ. ಇದೆಲ್ಲಕ್ಕಿಂತ ಹೆಚ್ಚಾಗಿ, ಕಣ್ಣು ಮುಚ್ಚಿ ಕೈಮುಗಿದು ನಿಂತವರ ಮುಖಕ್ಕೆ ಕೇಸರಿ ಬೆಳಕು ಬಿಡುವುದು ಮರ್ಯಾದೆಯೇ?

ಲಗ್ನದ ಲೆನ್ಸು

ಮರ್ಯಾದೆಯ ಮಾತು ಒಪ್ಪಿದೆ. ಲಗ್ನದಲ್ಲಿ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ, ಮಠದಲ್ಲಿ ಬೇಡ. ಸಂಬಂಧಪಟ್ಟದ್ದೇ ಒಂದು ದುಃಖ ಹೇಳಿಕೊಳ್ಳುತ್ತೇನೆ: ನನ್ನ ಡಿಎಸ್ಎಲ್ಆರ್ ಕಾಲದ ಫ್ಲ್ಯಾಶ್ ಕತ್ತಲಲ್ಲಿ ಕೆಂಪು ಗೆರೆಗಳ ಬಲೆ ಬೀಸಿ ಫೋಕಸ್ಸಿಗೆ ನೆರವಾಗುತ್ತಿತ್ತು. ಮಿರರ್‌ಲೆಸ್ ಬಂದ ಮೇಲೆ ಆ ಬಲೆ ಹೊರಡುವುದೇ ನಿಂತಿದೆ. ರಿಪೇರಿಗೆ ಕೊಟ್ಟು ಬೈಸಿಕೊಂಡು ಬಂದೆ.

ಸಾಧನಕೇರಿ ನೆರಳು

ಫ್ಲ್ಯಾಶ್ ಕೆಟ್ಟಿಲ್ಲ. ಆ ಕೆಂಪು ಬಲೆ ಡಿಎಸ್ಎಲ್ಆರ್‌ನ ಪ್ರತ್ಯೇಕ ಫೋಕಸ್ ಸೆನ್ಸರಿಗೆಂದು ಮಾಡಿದ್ದು. ಅದರ ಬಹುಭಾಗ ಕೆಂಪಿನ ತುದಿಯಾಚೆಗಿನ ಬೆಳಕು (ಇನ್ಫ್ರಾರೆಡ್). ಮಿರರ್‌ಲೆಸ್‌ನಲ್ಲಿ ಚಿತ್ರದ ಸೆನ್ಸರೇ ಫೋಕಸ್ಸನ್ನೂ ನೋಡಬೇಕು, ಅದರ ಮುಂದೆ ಇನ್ಫ್ರಾರೆಡ್ ತಡೆಯುವ ಗಾಜು ಇರುತ್ತದೆ. ಅದಕ್ಕೇ ಹೆಚ್ಚಿನ ಮಿರರ್‌ಲೆಸ್ ಕ್ಯಾಮೆರಾಗಳು ಆ ಬಲೆಯನ್ನು ಕೇಳುವುದೇ ಇಲ್ಲ.

ಫ್ಲ್ಯಾಶ್ ಮಾತು ಬಂದದ್ದು ಒಳ್ಳೆಯದಾಯಿತು, ಇನ್ನೂ ಯಾರೂ ಮುಟ್ಟದ ಒಂದು ವಿಷಯ ಇದೆ. ಮಿರರ್‌ಲೆಸ್ ವ್ಯೂಫೈಂಡರ್ ಎರಡು ಬೇರೆ ಬೇರೆ ಕೆಲಸ ಮಾಡಬಲ್ಲದು: ಚಿತ್ರ ಹೇಗೆ ಬರಲಿದೆ ಎಂದು ತೋರಿಸುವುದು (ಮುನ್ನೋಟ), ಇಲ್ಲವೇ ಎದುರಿಗೆ ಏನಿದೆ ಎಂದು ತೋರಿಸುವುದು. ಕತ್ತಲಲ್ಲಿ ಎರಡನ್ನೂ ಒಟ್ಟಿಗೆ ಕೇಳಬಾರದು. ಸೋನಿಯಲ್ಲಿ ಲೈವ್ ವ್ಯೂ ಡಿಸ್‌ಪ್ಲೇಯ ಸೆಟ್ಟಿಂಗ್ ಎಫೆಕ್ಟ್, ಕ್ಯಾನನ್‌ನಲ್ಲಿ ಎಕ್ಸ್‌ಪೋಶರ್ ಸಿಮ್ಯುಲೇಶನ್, ಒಲಿಂಪಸ್‌ನಲ್ಲಿ ಲೈವ್ ವ್ಯೂ ಬೂಸ್ಟ್ (ಇದನ್ನು ಆನ್ ಮಾಡಿದರೆ ಮುನ್ನೋಟ ಆಫ್ ಆಗುತ್ತದೆ), ಹೀಗೆ ಹೆಸರು ಬೇರೆ ಬೇರೆ ಇರುತ್ತದೆ. ಮುನ್ನೋಟ ಆಫ್ ಮಾಡಿದರೆ ಕ್ಯಾಮೆರಾ ನಿಮ್ಮ ಸೆಟ್ಟಿಂಗ್ ಮರೆತು ನೋಟವನ್ನು ಬೆಳಗಿಸುತ್ತದೆ. ಚೌಕಟ್ಟು ಕಟ್ಟುವುದೂ ಅಂಚು ಹುಡುಕುವುದೂ ಆಗ ಸುಲಭ. ಕಾಳು ಹೆಚ್ಚುತ್ತದೆ, ಚಲನೆ ಸ್ವಲ್ಪ ತಡವಾಗಿ ಕಾಣುತ್ತದೆ. ಏಕೆಂದರೆ ಪ್ರತಿ ಫ್ರೇಮಿಗೂ ಬೆಳಕು ಕೂಡಿಸಿಕೊಳ್ಳಲು ಅದಕ್ಕೆ ಹೆಚ್ಚು ಹೊತ್ತು ಬೇಕು. ಈ ಸ್ವಿಚ್ಚನ್ನು ಒಂದು ಕಸ್ಟಮ್ ಬಟನ್‌ಗೆ ಕೊಟ್ಟುಕೊಂಡು, ಕಟ್ಟುವಾಗ ಆಫ್, ಬೆಳಕು ನೋಡುವಾಗ ಆನ್ ಎಂದು ಬೆರಳಿಗೆ ರೂಢಿ ಮಾಡಿಸಿ. ಪರದೆಯ ಬೆಳಕನ್ನು ಮಾತ್ರ ದಯವಿಟ್ಟು ನಡುವಿಗೆ ಇಳಿಸಿ.

ಲಗ್ನದ ಲೆನ್ಸು

ಇದು ನೂರಕ್ಕೆ ನೂರು ಸರಿ. ಫ್ಲ್ಯಾಶ್ ಹಾಕಿ 1/200, ಎಫ್/8 ಇಟ್ಟಾಗ ಮುನ್ನೋಟ ಆನ್ ಇದ್ದರೆ ಮದುಮಕ್ಕಳೇ ಕಾಣುವುದಿಲ್ಲ. ಮೊದಲ ಲಗ್ನದಲ್ಲಿ ಲೆನ್ಸಿನ ಮುಚ್ಚಳ ತೆಗೆದಿಲ್ಲವೇನೋ ಎಂದು ಎರಡು ಸಲ ಮುಟ್ಟಿ ನೋಡಿಕೊಂಡಿದ್ದೆ.

ರಂಗದ ಹಿಂದೆ (ಧಾರವಾಡ)

ನಾನು ಸೃಜನಾ ರಂಗಮಂದಿರದಲ್ಲಿ ನಾಟಕಗಳ ಚಿತ್ರ ತೆಗೆಯುತ್ತೇನೆ. ಅಲ್ಲಿ ಸಹಾಯಕ ದೀಪವೂ ಇಲ್ಲ, ಫ್ಲ್ಯಾಶೂ ಇಲ್ಲ, ಟಪ್ ಎಂದು ಸದ್ದೂ ಆಗಬಾರದು. ಎರಡು ಅಡಚಣೆಗಳನ್ನು ಸೇರಿಸುತ್ತೇನೆ.

ರಂಗವೆಲ್ಲ ನೀಲಿಯಾದಾಗ ಬೆಳಕು ಸಾಕಷ್ಟಿದ್ದರೂ ಫೋಕಸ್ ತಡಕಾಡುತ್ತದೆ. ಸಾಮಾನ್ಯ ಸೆನ್ಸರ್‌ನ ಅರ್ಧದಷ್ಟು ಚುಕ್ಕೆಗಳು ಹಸಿರನ್ನು, ಕಾಲುಭಾಗ ಕೆಂಪನ್ನು, ಕಾಲುಭಾಗ ನೀಲಿಯನ್ನು ನೋಡುತ್ತವೆ. ಬರೀ ನೀಲಿ ಬಿದ್ದರೆ ಮುಕ್ಕಾಲು ಸೆನ್ಸರ್ ನಿದ್ದೆಯಲ್ಲಿದ್ದಂತೆ. ನಾನು ಆಗ ಒತ್ತುವುದನ್ನೇ ಬಿಟ್ಟು, ದೃಶ್ಯ ಬಿಳಿ ಬೆಳಕಿಗೆ ತಿರುಗುವಾಗ ಫೋಕಸ್ ಹಿಡಿದುಕೊಂಡು ಕಾಯುತ್ತೇನೆ.

ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಳಸಿದರೆ ಎಲ್ಇಡಿ ದೀಪಗಳಡಿ ಚಿತ್ರದ ಮೇಲೆ ಅಡ್ಡ ಪಟ್ಟೆಗಳು ಬೀಳುತ್ತವೆ. ನಮ್ಮ ವಿದ್ಯುತ್ 50 ಹರ್ಟ್ಸ್, ಸಾದಾ ದೀಪಗಳು ಸೆಕೆಂಡಿಗೆ 100 ಸಲ ಮಿಡಿಯುತ್ತವೆ. ಶಟರ್ 1/50 ಅಥವಾ 1/100 ಇಟ್ಟರೆ ಆ ಪಟ್ಟೆಗಳು ತಣ್ಣಗಾಗುತ್ತವೆ. ರಂಗದ ಎಲ್ಇಡಿಗಳು ಈ ಲೆಕ್ಕಕ್ಕೆ ಯಾವಾಗಲೂ ಬಗ್ಗುವುದಿಲ್ಲ. ಪಣತಿಗೆ ಈ ರೋಗವಿಲ್ಲ, ಆ ಮಟ್ಟಿಗೆ ನೀವು ಪುಣ್ಯವಂತರು.

ಹಳೆಯ ರೋಲು

ಇಷ್ಟೆಲ್ಲ ಗುಂಡಿ ಒತ್ತುವ ಬದಲು ಕೈಯಿಂದ ಫೋಕಸ್ ತಿರುಗಿಸಬಾರದೇ?

ಲಕ್ಕುಂಡಿ ಕಂಬ

ತಿರುಗಿಸಬಹುದು ಕಾಕಾ, ನಾನೂ ತಿರುಗಿಸುತ್ತೇನೆ. ಆದರೆ ಈಗಿನ ಬಹಳಷ್ಟು ಲೆನ್ಸುಗಳಲ್ಲಿ ಉಂಗುರಕ್ಕೂ ಗಾಜಿಗೂ ನೇರ ಸಂಬಂಧವಿಲ್ಲ, ನಡುವೆ ಮೋಟರ್ ಇದೆ. ನೀವು ಹೇಳಿದ ಮೂರು ಮೀಟರಿನ ಕೆತ್ತನೆಯೂ ಅವುಗಳ ಮೇಲೆ ಇರುವುದಿಲ್ಲ. ಫೋಕಸ್ ಪೀಕಿಂಗ್ ಎಂಬ ಬಣ್ಣದ ಅಂಚನ್ನು ಕತ್ತಲಲ್ಲಿ ಪೂರ್ತಿ ನಂಬಬಾರದು, ಏಕೆಂದರೆ ಕಾಳುಗಳನ್ನೂ ಅದು ಅಂಚು ಎಂದು ತಿಳಿದು ಎಲ್ಲೆಡೆ ಮಿಣುಕುತ್ತದೆ. ನೋಟವನ್ನು ದೊಡ್ಡದು ಮಾಡಿಕೊಂಡು ದೂರದ ಒಂದು ದೀಪದ ಚುಕ್ಕೆ ನೋಡುತ್ತ ತಿರುಗಿಸುವುದು ಉತ್ತಮ. ಚುಕ್ಕೆ ಅತಿ ಚಿಕ್ಕದಾದ ಕ್ಷಣವೇ ಫೋಕಸ್. ಅಜ್ಜಿಗೆ ಆದರೆ ಅವರ ಮೂಗುಬೊಟ್ಟಿನ ಮಿಂಚು ಸಾಕು.

ಬಂಕಾಪುರ ನವಿಲು

ಚೌಕಟ್ಟಿನ ಬಗ್ಗೆ ಒಂದು ಮಾತು. ಟ್ರೈಪಾಡ್ ಇಟ್ಟು ರಾತ್ರಿ ಹೊಳೆದಂಡೆ ತೆಗೆಯುವಾಗ ನಾನು ಮೊದಲು ಐಎಸ್ಒ 25600ರಲ್ಲಿ ಒಂದೇ ಸೆಕೆಂಡಿನ ಕಚ್ಚಾ ಚಿತ್ರ ತೆಗೆಯುತ್ತೇನೆ. ಅದರ ಬೆಳಕು ಐಎಸ್ಒ 800ರಲ್ಲಿ 30 ಸೆಕೆಂಡು ತೆಗೆದಷ್ಟೇ. ದಿಗಂತ ವಾಲಿದೆಯೇ, ಮೂಲೆಯಲ್ಲಿ ಬೇಡದ ಟಾರ್ಚು ಇಣುಕಿದೆಯೇ ಎಂದು ಅದರಲ್ಲಿ ನೋಡಿಕೊಂಡು ಸರಿಪಡಿಸಿದ ಮೇಲೆ ನಿಜವಾದ ಚಿತ್ರ. ಮೊದಲು ಪ್ರತಿ ತಪ್ಪಿಗೂ ಅರ್ಧ ನಿಮಿಷ ಸೊಳ್ಳೆ ಕಚ್ಚಿಸಿಕೊಂಡು ನಿಲ್ಲುತ್ತಿದ್ದೆ.

ಉಣಕಲ್ ದಂಡೆ

ನಿನ್ನೆ ರಾತ್ರಿ ಮನೆಯಲ್ಲಿ ಲೈಟ್ ಆರಿಸಿ, ಐದು ಪಣತಿ ಹಚ್ಚಿ, ಅವ್ವನನ್ನು ಮುಂದೆ ಕೂಡಿಸಿ ಎಲ್ಲರ ಮಾತನ್ನೂ ಪರೀಕ್ಷಿಸಿದೆ. ಮುನ್ನೋಟ ಆಫ್ ಮಾಡಿದ ಕೂಡಲೇ ಅವ್ವನ ಹಿಂದಿನ ಕ್ಯಾಲೆಂಡರ್ ಕೂಡ ಕಂಡಿತು. ಕಾಳು ಇದ್ದರೂ ಚೌಕಟ್ಟು ಕಟ್ಟಲು ಅದು ಧಾರಾಳ. ಚೌಕವನ್ನು ಕುಡಿಯ ಮೇಲಿಟ್ಟಾಗ ಮತ್ತೆ ಅದೇ ತಡಕಾಟ. ಬೆಂಡೋಲೆಯ ಮೇಲೆ ಇಟ್ಟಾಗ ಹೆಚ್ಚಿನ ಸಲ ಒಂದೇ ಒತ್ತಿಗೆ ಹಸಿರಾಯಿತು. ಸೆರಗಿನ ದಡಿ ಅಡ್ಡ ಬಿದ್ದಿದ್ದಾಗ ಒಲ್ಲೆ ಎಂದಿತು, ಕ್ಯಾಮೆರಾ ನೆಟ್ಟಗೆ ಮಾಡಿದರೆ ಒಪ್ಪಿತು. ಈ ಒಂದನ್ನು ಕಣ್ಣಾರೆ ಕಂಡ ಮೇಲೆ ಲಕ್ಕುಂಡಿ ಕಂಬದವರಿಗೆ ಕೈಮುಗಿಯಬೇಕು ಅನ್ನಿಸಿತು.

ಬೆಳಕಿನ ಕೊರತೆ ಮಾತ್ರ ಉಳಿದೇ ಇದೆ. 18ರಲ್ಲಿ ಹತ್ತಿರ ಹೋದಾಗ ಎಫ್/3.5 ಸಿಕ್ಕಿತು, 1/60ಕ್ಕೆ ಇಳಿಸಿದೆ, ಆದರೂ ಐಎಸ್ಒ 6400 ಬೇಕಾಯಿತು. ಅವ್ವ ನಡುವೆ "ಎಣ್ಣಿ ತೀರಾಕ ಬಂತು, ಇನ್ನೂ ಎಷ್ಟ ಹೊತ್ತು?" ಎಂದು ತಿರುಗಿದ್ದರಿಂದ ಒಳ್ಳೆಯ ಎರಡು ಚಿತ್ರ ಅಲುಗಿದವು.

ಲಗ್ನದ ಲೆನ್ಸು

ಅಂದರೆ ಸುತ್ತಿ ಬಳಸಿ ನನ್ನ ಮೊದಲ ಮಾತಿಗೇ ಬಂದಿರಿ.

ಉಣಕಲ್ ದಂಡೆ

ಅರ್ಧ ಬಂದಿದ್ದೇನೆ. ಕೊಳ್ಳುವ ಮೊದಲು ಒಮ್ಮೆ ಹಾಕಿ ನೋಡುವ ಆಸೆ ಇದೆ.

ಲಗ್ನದ ಲೆನ್ಸು

ನಿಮ್ಮದೂ ನನ್ನದೂ ಒಂದೇ ಮೌಂಟ್ (ಲೆನ್ಸ್ ಕೂಡಿಸುವ ಬಾಯಿ) ಆಗಿದ್ದರೆ ಗದಗಕ್ಕೆ ಬನ್ನಿ, ನನ್ನ ಎಫ್/1.8 ಕೊಡುತ್ತೇನೆ. ಧನುರ್ಮಾಸದಲ್ಲಿ ಬನ್ನಿ ಮತ್ತೆ, ಆಗ ಲಗ್ನ ಇರುವುದಿಲ್ಲ.

ಹಳೆಯ ರೋಲು

ಹೋಗುವಾಗ ಅವ್ವನನ್ನೂ ಕರೆದುಕೊಂಡು ಹೋಗು. ಎಣ್ಣೆ ಹೆಚ್ಚಿಗೆ ಒಯ್ಯಿ.